ಕರಟದ ಕುದುರೆ, ಕಥೆಯ ಕೋಳಿ

ನನ್ನ ತಂಗಿಯ ಮಗಳು ಮೆಲ್ಬೋರ್ನಿನಲ್ಲಿ ಸಿನಿಮಾ ಓದುತ್ತಿದ್ದಾಳೆ. ಕಳೆದ ವರ್ಷ ಚಳಿಗಾಲದಲ್ಲಿ ಒಂದು ರಾತ್ರಿ ಹತ್ತು ಗಂಟೆಯ ಮೇಲೆ ಅವಳ ಫೋನು ಬಂತು. ಆ ಹೊತ್ತಿಗೆ ಫೋನು ಬಂದರೆ ಊರಿನಿಂದಲೇ ಇರಬೇಕೆಂದು ಎದೆ ಹೊಡೆದುಕೊಳ್ಳುವ ಅಭ್ಯಾಸ ನಮ್ಮ ತಲೆಮಾರಿನವರಿಗೆ ಇನ್ನೂ ಹೋಗಿಲ್ಲ. "ಮಾವ, ನಿಮ್ಮ ಹತ್ತಿರ ಒರಳುಕಲ್ಲಿನ ಶಬ್ದ ಇದೆಯಾ?" ಎಂದಳು. ಒರಳುಕಲ್ಲು ಇದೆಯಾ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಶಬ್ದ ಇದೆಯಾ ಎಂದು ಕೇಳಿದವಳು ಇವಳೊಬ್ಬಳೇ.

ವಿಷಯ ಹೀಗಿತ್ತು. ಕೋರ್ಸಿಗಾಗಿ ಅವಳು ಒಂಬತ್ತು ನಿಮಿಷದ ಒಂದು ಚಿತ್ರ ಮಾಡಬೇಕಾಗಿತ್ತು. ಮೈಸೂರಿನ ಒಂದು ಮನೆ. ಹುಡುಗಿಯೊಬ್ಬಳು ಅಡುಗೆಮನೆಯ ಹೊಸ್ತಿಲ ಹತ್ತಿರ ಕುಳಿತು ಲೆಕ್ಕ ಮಾಡುತ್ತಿದ್ದಾಳೆ. ಒಳಗೆ ಅಜ್ಜಿ ಇಡ್ಲಿಗೆ ರುಬ್ಬುತ್ತಿದ್ದಾರೆ. ಅಜ್ಜಿ ಚಿತ್ರದಲ್ಲಿ ಒಮ್ಮೆಯೂ ಕಾಣಿಸುವುದಿಲ್ಲ. ಇದು ದೊಡ್ಡ ಕಲಾತ್ಮಕ ಆಲೋಚನೆಯೇನಲ್ಲ. ಪಾತ್ರ ಮಾಡಿ ಎಂದು ಅವಳು ಕೇಳಿಕೊಂಡ ಮೂವರು ಹಿರಿಯರೂ "ಈ ವಯಸ್ಸಿನಲ್ಲಿ ನಮಗೆ ಬಣ್ಣವೇನಮ್ಮಾ" ಎಂದು ಜಾರಿಕೊಂಡಿದ್ದರು. ಹಾಗಾಗಿ ಅಜ್ಜಿ ಇದ್ದಾರೆ ಎಂದು ನೋಡುವವರಿಗೆ ಗೊತ್ತಾಗಬೇಕಾದರೆ ರುಬ್ಬುವ ಸದ್ದೊಂದೇ ಗತಿ. ಸಿನಿಮಾದವರಿಗೆಂದು ಶಬ್ದಗಳನ್ನು ಕೂಡಿಸಿಟ್ಟಿರುವ ಭಂಡಾರಗಳಿವೆಯಂತೆ. ಅಲ್ಲಿ ಹುಡುಕಿದರೆ ಸಿಕ್ಕಿದ್ದು ಬೆಳ್ಳುಳ್ಳಿ ಜಜ್ಜುವ ಸಣ್ಣ ಕುಟ್ಟಾಣಿಯ ಟಕ್ ಟಕ್. ಕುಟ್ಟುವುದು ಬೇರೆ, ರುಬ್ಬುವುದು ಬೇರೆ ಎಂದು ಅವಳ ಅಧ್ಯಾಪಕರಿಗೆ ಯಾರು ಹೇಳಬೇಕು?

ಈ ಪ್ರಸಂಗವನ್ನು ಸಂಘದ ಪಿಕ್‌ನಿಕ್ಕಿನಲ್ಲಿ ಹೇಳಿದಾಗ ಸಂಪಾದಕರು ಎರಡು ಪುಟ ಬರೆದುಕೊಡಿ ಎಂದರು. ಬರೆಯಲು ಕುಳಿತ ಮೇಲೆ ಗೊತ್ತಾಯಿತು, ಚಿತ್ರಕ್ಕೆ ಸದ್ದು ಕೂಡಿಸುವ ಕೆಲಸಕ್ಕೆ ನಾವಿರುವ ಈ ಎರಡು ಊರುಗಳಲ್ಲಿ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಎರಡು ಪುಟ ಮೀರಿದ್ದಕ್ಕೆ ಸಂಪಾದಕರು ಕ್ಷಮಿಸಬೇಕು.

ಮೆಲ್ಬೋರ್ನಿನ ಕಾಲಿನ್ಸ್ ಸ್ಟ್ರೀಟಿನಲ್ಲಿ ಟ್ರಾಮಿನಿಂದ ನೋಡಿದರೆ ಕಾಣುವ ಅಥೆನಿಯಮ್ ಕಟ್ಟಡವನ್ನು ನಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. 1906ರ ಡಿಸೆಂಬರ್ 26ರಂದು ಅಲ್ಲಿ 'ದಿ ಸ್ಟೋರಿ ಆಫ್ ದಿ ಕೆಲಿ ಗ್ಯಾಂಗ್' ಎಂಬ ಚಿತ್ರದ ಮೊದಲ ಪ್ರದರ್ಶನವಾಯಿತು. 1880ರಲ್ಲಿ ಮೆಲ್ಬೋರ್ನಿನ ಜೈಲಿನಲ್ಲಿ ಗಲ್ಲಿಗೇರಿದ ದರೋಡೆಕೋರ ನೆಡ್ ಕೆಲಿಯ ಕಥೆ. ಚಾರ್ಲ್ಸ್ ಟೇಟ್ ಅದರ ನಿರ್ದೇಶಕ. ಒಂದು ಗಂಟೆಗೂ ಮೀರಿದ ಆ ಚಿತ್ರವನ್ನು ಜಗತ್ತಿನ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಹೇಳುತ್ತಾರೆ. 2007ರಲ್ಲಿ ಯುನೆಸ್ಕೋ ತನ್ನ ವಿಶ್ವಸ್ಮೃತಿ ಪಟ್ಟಿಗೆ ಅದನ್ನು ಸೇರಿಸಿತು. ಉಳಿದಿರುವುದು ಮಾತ್ರ ಸುಮಾರು ಕಾಲು ಭಾಗ.

ಆಗಿನದು ಮೂಕಿ ಚಿತ್ರ ಎನ್ನುತ್ತೇವೆ. ಆದರೆ ನೋಡಲು ಹೋದವರಿಗೆ ಅದು ಮೂಕವಾಗಿರಲಿಲ್ಲ. ಪರದೆಯ ಪಕ್ಕದಲ್ಲಿ ಒಬ್ಬ ನಿಂತು ಕಥೆ ಹೇಳುತ್ತಿದ್ದ. ನಮ್ಮ ಹರಿಕಥೆಯ ದಾಸರನ್ನು ನೆನೆದುಕೊಂಡರೆ ಸಾಕು. ಕುದುರೆ ಓಡಿದಾಗ ತೆಂಗಿನ ಕರಟಗಳನ್ನು ಒಂದಕ್ಕೊಂದು ಬಡಿಯುತ್ತಿದ್ದರು. ಗುಂಡು ಹಾರಿದಾಗ ಬರಿಯ ಮದ್ದಿನ ತೋಟಾ ಸಿಡಿಸುತ್ತಿದ್ದರು. ಚಿತ್ರಮಂದಿರದಲ್ಲಿ ಮದ್ದಿನ ವಾಸನೆಯೂ ಬಂದಿರಬೇಕು. ಇಂದಿನ ಯಾವ ಡಾಲ್ಬಿ ಯಂತ್ರವೂ ವಾಸನೆ ಕೊಡುವುದಿಲ್ಲ. ಗುಬ್ಬಿ ವೀರಣ್ಣನವರ ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬರುತ್ತಿದ್ದುವಂತೆ. ಅಷ್ಟು ಅನುಕೂಲವಿಲ್ಲದವರು ಕರಟ ಹಿಡಿಯಲೇಬೇಕು. ವಿದ್ಯಾರ್ಥಿಗಳು ಇವತ್ತಿಗೂ ಕರಟದ ಪಕ್ಷದವರೇ.

ಈ ಕೈಚಳಕಕ್ಕೆ ಈಗ 'ಫೋಲಿ' ಎಂದು ಹೆಸರು, ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಆ ಕೆಲಸ ಮಾಡುತ್ತಿದ್ದ ಜ್ಯಾಕ್ ಫೋಲಿಯ ನೆನಪಿಗೆ. ಪರದೆಯ ಮೇಲೆ ಚಿತ್ರ ಓಡುತ್ತಿರುವಾಗಲೇ ಅದನ್ನು ನೋಡುತ್ತಾ ಹೆಜ್ಜೆ ಸದ್ದು, ಸೀರೆಯ ಸರಪರ, ಬಾಗಿಲಿನ ಕಿರುಗು, ಲೋಟ ಇಟ್ಟ ಸದ್ದು, ಎಲ್ಲವನ್ನೂ ಹೊಸದಾಗಿ ಮಾಡಿ ಹಿಡಿಯುವುದು. ಹಿಮದ ಮೇಲೆ ನಡೆಯುವ ಸದ್ದಿಗೆ ಜೋಳದ ಹಿಟ್ಟಿನ ಚೀಲವನ್ನು ಹಿಸುಕುತ್ತಾರೆ. ಮೂಳೆ ಮುರಿಯುವುದಕ್ಕೆ ಸೆಲೆರಿ ಸೊಪ್ಪಿನ ದಂಟು. ಇದನ್ನೆಲ್ಲ ತಿಳಿದ ಮೇಲೆ ನಾನು ಹೊಡೆದಾಟದ ಚಿತ್ರಗಳನ್ನು ನೋಡುವಾಗ ತರಕಾರಿ ಅಂಗಡಿಯನ್ನೇ ನೆನೆಯುತ್ತೇನೆ.

ಮಾತಿನ ಚಿತ್ರಗಳು ಬಂದ ಮೇಲೆ ಪರದೆಯ ಹಿಂದಿನವರೂ ವಾದ್ಯದವರೂ ಕೆಲಸ ಕಳೆದುಕೊಂಡರು. ಸದ್ದು ಫಿಲ್ಮಿನ ಅಂಚಿಗೇ ಬಂದು ಕುಳಿತಿತು. ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದಕ್ಕೆ ತಕ್ಕ ಸ್ಟುಡಿಯೋ ನಮ್ಮ ನಾಡಿನಲ್ಲಿ ಇರಲಿಲ್ಲವಾಗಿ ಇಡೀ ತಂಡ ಕೊಲ್ಹಾಪುರಕ್ಕೆ ಹೋಗಿ ಚಿತ್ರ ತೆಗೆದುಕೊಂಡು ಬಂತು. ಇಲ್ಲಿ ಮೆಲ್ಬೋರ್ನಿನಲ್ಲಿ ಥ್ರಿಂಗ್ ಎಂಬವರ ಎಫ್ಟೀ ಕಂಪನಿ ಅಮೆರಿಕದಿಂದ ಯಂತ್ರ ತರಿಸಿ 1931ರ ಹೊತ್ತಿಗೆ ಮಾತಿನ ಚಿತ್ರಗಳನ್ನು ತೆಗೆಯತೊಡಗಿತ್ತು. ಸಿಡ್ನಿಯವರು ಯಂತ್ರವನ್ನು ತಾವೇ ಮಾಡಿಕೊಂಡರು. ಆರ್ಥರ್ ಸ್ಮಿತ್ ಎಂಬವರು ರೂಪಿಸಿದ ಧ್ವನಿಮುದ್ರಣದ ಸಲಕರಣೆಯಿಂದ ಸಿನೆಸೌಂಡಿನವರು 1932ರಲ್ಲಿ 'ಆನ್ ಅವರ್ ಸೆಲೆಕ್ಷನ್' ಎಂಬ ಚಿತ್ರ ಹೊರತಂದರು. ಕೆನ್ ಜಿ. ಹಾಲ್ ಅದರ ನಿರ್ದೇಶಕ. ಬಾಂಡೈ ಜಂಕ್ಷನ್ನಿನಲ್ಲಿ ಹಳೆಯ ಸ್ಕೇಟಿಂಗ್ ರಿಂಕೇ ಅವರ ಸ್ಟುಡಿಯೋ. ಆ ಚಿತ್ರ ಶುರುವಾಗುವುದೇ ಇಲ್ಲಿನ ಕಾಡಿನ ಹಕ್ಕಿಗಳ ದನಿಯಿಂದ. ಅಮೆರಿಕದ ಮಾತನ್ನೂ ಇಂಗ್ಲೆಂಡಿನ ಮಾತನ್ನೂ ಕೇಳಿ ಕೇಳಿ ಅಭ್ಯಾಸವಾಗಿದ್ದ ಜನ ತಮ್ಮ ಹಿತ್ತಲಿನ ಹಕ್ಕಿಯನ್ನು ಚಿತ್ರಮಂದಿರದಲ್ಲಿ ಕೇಳಿದರು. ಕಥೆ ಒಂದು ಸಾಧಾರಣ ರೈತ ಕುಟುಂಬದ ಹಾಸ್ಯ, ಅಷ್ಟೆ. ಚಿತ್ರ ಜಯಭೇರಿ ಹೊಡೆಯಿತು.

ಹಕ್ಕಿಯ ಮಾತಿನಿಂದ ಸೊಸೆಯ ಚಿತ್ರಕ್ಕೆ ಒಮ್ಮೆ ಹಿಂದಿರುಗುತ್ತೇನೆ. ಅವಳು ಚಿತ್ರ ತೆಗೆದದ್ದು ಮೆಲ್ಬೋರ್ನಿನ ಹೊರವಲಯದ ಒಂದು ಮನೆಯಲ್ಲಿ. ಗೋಡೆಗೆ ಕ್ಯಾಲೆಂಡರು, ಸ್ಟೀಲ್ ಡಬ್ಬಗಳು, ನೆಲಕ್ಕೊಂದು ಮಣೆ, ರಂಗೋಲಿ. ಕಣ್ಣಿಗೆ ಅದು ಮೈಸೂರೇ. ಆದರೆ ಆ ದಿನ ಹಿಡಿದ ಸದ್ದಿನ ತುಂಬ ಮ್ಯಾಗ್‌ಪೈ ಹಕ್ಕಿಯ ಕೊಳಲು. ಮೈಸೂರಿನ ಅಡುಗೆಮನೆಯ ಕಿಟಕಿಯಲ್ಲಿ ಕಾಗೆ ಕೂಗಬೇಕು, ಸೊಪ್ಪಿನವಳು ಕೂಗಬೇಕು, ಮ್ಯಾಗ್‌ಪೈ ಹೇಗೆ ಕೂಗೀತು? "ಸಿಡ್ನಿಯಲ್ಲಿ ವಸಂತಕ್ಕೆ ಕೋಗಿಲೆ ಬರುತ್ತಲ್ಲ ಮಾವ, ಅದನ್ನೇ ಹಿಡಿದು ಕಳಿಸಿ" ಎಂದಳು. ಬರುವುದೇನೋ ಬರುತ್ತದೆ, ಬೆಳಗಿನ ಜಾವಕ್ಕೆ ನಿದ್ದೆಯನ್ನೂ ಕೆಡಿಸುತ್ತದೆ. ಆದರೆ ಅದು ಆ ಜಾತಿಯಲ್ಲಿ ಬೇರೆ, ದನಿಯಲ್ಲಿ ಹೋಲಿಕೆಯಿದ್ದರೂ ನಮ್ಮ ಕೋಗಿಲೆಯಲ್ಲ. ಬೇಡವೆಂದೆ. ಕೊನೆಗೆ ಸ್ಥಳದಲ್ಲಿ ಹಿಡಿದ ಸದ್ದನ್ನೆಲ್ಲ ತೆಗೆದುಹಾಕಬೇಕಾಯಿತು. ಉಳಿಸಿಕೊಂಡದ್ದು 'ರೂಮ್ ಟೋನ್' ಮಾತ್ರ.

ಇದೊಂದು ಸೊಗಸಾದ ವಿಚಾರ. ಖಾಲಿ ಕೋಣೆಗೂ ಒಂದು ಸದ್ದಿದೆ, ಒಂದೊಂದು ಕೋಣೆಯ ಮೌನ ಒಂದೊಂದು ಬಗೆ. ಅದಿಲ್ಲದೆ ಎರಡು ಮಾತಿನ ನಡುವೆ ಸದ್ದೇ ನಿಂತುಬಿಟ್ಟರೆ ನೋಡುವವರಿಗೆ ಕಿವಿ ಕಟ್ಟಿದಂತಾಗುತ್ತದೆ. ಆದ್ದರಿಂದ ಎಲ್ಲರೂ ಉಸಿರು ಬಿಗಿಹಿಡಿದು ಒಂದು ನಿಮಿಷ ಸುಮ್ಮನೆ ನಿಂತು ಆ ಮೌನವನ್ನೇ ಹಿಡಿದುಕೊಳ್ಳುತ್ತಾರೆ. ಮೊದಲು ಫ್ರಿಜ್ಜನ್ನು ಆರಿಸಬೇಕು. ಕೆಲಸ ಮುಗಿದ ಮೇಲೆ ಮತ್ತೆ ಹಾಕುವುದನ್ನು ಮರೆತರೆ ಮನೆಯವರ ಹಾಲು ಮೊಸರೆಲ್ಲ ಹಾಳು. ಅದಕ್ಕೆ ಧ್ವನಿಮುದ್ರಣದವರು ತಮ್ಮ ಕಾರಿನ ಕೀಲಿಯನ್ನು ಫ್ರಿಜ್ಜಿನಲ್ಲೇ ಇಟ್ಟುಬಿಡುತ್ತಾರಂತೆ. ಕೀಲಿಯಿಲ್ಲದೆ ಮನೆಗೆ ಹೋಗುವಂತಿಲ್ಲವಲ್ಲ!

ವಿದ್ಯಾರ್ಥಿಗಳು ಚಿತ್ರ ಕಲಿಯುವ ಶಾಲೆಗಳ ಮಾತಿಗೆ ಬರೋಣ. ಆಸ್ಟ್ರೇಲಿಯದಲ್ಲಿ ಮೊದಲನೆಯದು ಮೆಲ್ಬೋರ್ನಿನ ಸ್ವಿನ್‌ಬರ್ನಿನಲ್ಲಿ 1966ರಲ್ಲಿ ಆರಂಭವಾಯಿತು. 1992ರಲ್ಲಿ ಅದು ವಿಕ್ಟೋರಿಯನ್ ಕಾಲೇಜ್ ಆಫ್ ದಿ ಆರ್ಟ್ಸ್ ಸೇರಿಕೊಂಡಿತು. ಸಿಡ್ನಿಯ ರಾಷ್ಟ್ರೀಯ ಶಾಲೆ 1973ರದು. ನಮ್ಮಲ್ಲಿ ಪುಣೆಯ ಸಂಸ್ಥೆ 1960ರದು, ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ. ಅದಕ್ಕೂ ಮೊದಲೇ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಸಿನಿಮಾ ಕಲಿಸುತ್ತಿದ್ದರೆಂಬುದು ಬಹಳ ಮಂದಿಗೆ ತಿಳಿಯದು. 1946ರಲ್ಲಿ ಅಲ್ಲಿಂದ ಡಿಪ್ಲೊಮಾ ಪಡೆದು ಹೊರಬಂದ ಮೈಸೂರಿನ ವಿ.ಕೆ. ಮೂರ್ತಿಯವರು ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾದರು, 2008ರ ಫಾಲ್ಕೆ ಪ್ರಶಸ್ತಿ ಪಡೆದರು. ಬೆಳಕಿನ ಮಾಂತ್ರಿಕ ಎನಿಸಿಕೊಂಡ ಅವರು ಪಿಟೀಲನ್ನೂ ನುಡಿಸುತ್ತಿದ್ದರು.

ಆಗಿನ ವಿದ್ಯಾರ್ಥಿಯ ಕಷ್ಟ ಕೇಳಿ. ಕ್ಯಾಮೆರಾ ಸದ್ದನ್ನು ಹಿಡಿಯುವುದಿಲ್ಲ, ಅದಕ್ಕೆ ಬೇರೆಯೇ ಟೇಪ್ ರೆಕಾರ್ಡರು. ಎರಡನ್ನೂ ಆಮೇಲೆ ಜೋಡಿಸಲು ಒಂದು ಗುರುತು ಬೇಕಲ್ಲ, ಅದಕ್ಕೇ ಆ ಕರಿ ಹಲಗೆಯ ಕ್ಲ್ಯಾಪ್. ಹಲಗೆ ಮುಚ್ಚಿದ ಚೌಕಟ್ಟಿಗೆ ಚಟ್ಟೆಂಬ ಸದ್ದನ್ನು ಕೂಡಿಸಿದರೆ ಮುಂದಿನದೆಲ್ಲ ಸರಿಹೋಗುತ್ತದೆ. ಸದ್ದನ್ನು ಅಯಸ್ಕಾಂತದ ಪಟ್ಟಿಗೆ ಇಳಿಸಿ, ಬ್ಲೇಡಿನಲ್ಲಿ ಕತ್ತರಿಸಿ, ಅಂಟುಪಟ್ಟಿಯಿಂದ ಸೇರಿಸುತ್ತಾ ಕೂರಬೇಕು. ಒಂದು ಕೆಮ್ಮು ತೆಗೆಯಲು ಅರ್ಧ ದಿನ. ಇನ್ನು ನಮ್ಮ ದೇಶದಲ್ಲಿ ಹೊರಾಂಗಣಕ್ಕೆ ಬಳಸುತ್ತಿದ್ದ ಹಗುರ ಕ್ಯಾಮೆರಾಗಳೇ ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತಿದ್ದುವಾದ್ದರಿಂದ ಮಾತನ್ನೆಲ್ಲ ಆಮೇಲೆ ಡಬ್ಬಿಂಗ್ ಕೋಣೆಯಲ್ಲೇ ಆಡಿಸುತ್ತಿದ್ದರು. ಗದ್ದೆಯ ಬಯಲಿನಲ್ಲಿ ನಿಂತ ನಾಯಕನ ಮಾತು ಬಚ್ಚಲುಮನೆಯಿಂದ ಬಂದಂತೆ ಕೇಳುತ್ತಿದ್ದುದು ಅದಕ್ಕೇ.

ಇಲ್ಲಿನ ಶಾಲೆಗಳಿಂದ ಬಂದ ಎರಡು ಪುಟ್ಟ ಚಿತ್ರಗಳನ್ನು ಹೇಳಲೇಬೇಕು. ಸಿಡ್ನಿಯ ಶಾಲೆಯಲ್ಲಿ ಓದುವಾಗ ಜೇನ್ ಕ್ಯಾಂಪಿಯನ್ 1982ರಲ್ಲಿ ಮಾಡಿದ ಒಂಬತ್ತು ನಿಮಿಷದ 'ಪೀಲ್'. ಒಂದು ಕಾರು, ಮೂವರು, ಒಂದು ಕಿತ್ತಳೆ ಹಣ್ಣಿನ ಸಿಪ್ಪೆ, ರಸ್ತೆಯ ಬದಿಯಲ್ಲಿ ಒಂದು ಜಗಳ. 1986ರಲ್ಲಿ ಅದು ಕಾನ್ ಉತ್ಸವದಲ್ಲಿ ಕಿರುಚಿತ್ರದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಎರಡನೆಯದು 1996ರಲ್ಲಿ ಮೆಲ್ಬೋರ್ನಿನಲ್ಲಿ ಆಡಂ ಎಲಿಯಟ್ ಮಾಡಿದ 'ಅಂಕಲ್'. ಜೇಡಿಮಣ್ಣಿನ ಬೊಂಬೆಗಳು, ಅವೂ ಹೆಚ್ಚು ಅಲ್ಲಾಡುವುದಿಲ್ಲ. ಒಬ್ಬ ಸೋದರಳಿಯ ತನ್ನ ಮಾವನ ವಿಷಯ ಹೇಳುತ್ತಾ ಹೋಗುತ್ತಾನೆ. ಆ ಒಂದು ದನಿಯ ಮೇಲೆ ಇಡೀ ಚಿತ್ರ ನಿಂತಿದೆ. ಅದೇ ಎಲಿಯಟ್ ಮುಂದೆ 2004ರಲ್ಲಿ ಆಸ್ಕರ್ ಪಡೆದರು. ಹಣವಿಲ್ಲದವನಿಗೆ ದನಿ ಎಷ್ಟು ದೂರ ಆಸರೆಯಾಗುತ್ತದೆ ನೋಡಿ.

ಶಾಲೆಗೆ ಹೋಗದೆ ಕಲಿತವರೂ ಇದ್ದಾರೆ. ಸಿಡ್ನಿಯಲ್ಲಿ ವೈದ್ಯಕೀಯ ಓದುತ್ತಿದ್ದ ಜಾರ್ಜ್ ಮಿಲ್ಲರ್ 1971ರಲ್ಲಿ ತಮ್ಮನ ಜೊತೆ ಒಂದು ನಿಮಿಷದ ಚಿತ್ರ ಮಾಡಿ ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಗೆದ್ದರು. ಆಮೇಲೆ ಮೆಲ್ಬೋರ್ನ್ ವಿಶ್ವವಿದ್ಯಾಲಯದ ಕಮ್ಮಟದಲ್ಲಿ ಬೈರನ್ ಕೆನಡಿಯ ಪರಿಚಯವಾಯಿತು. ಇಬ್ಬರೂ ಸೇರಿ ಮಾಡಿದ್ದು 1979ರ 'ಮ್ಯಾಡ್ ಮ್ಯಾಕ್ಸ್'. ಕೆನಡಿಯ ತಂದೆ ಇಂಜಿನಿಯರು, ಅವರು ಕಟ್ಟಿಕೊಟ್ಟ ಯಂತ್ರದಲ್ಲಿ ಸ್ನೇಹಿತರ ಫ್ಲ್ಯಾಟಿನಲ್ಲಿ ಕುಳಿತು ಸಂಕಲನ ಮಾಡಿದರು. ಆ ವರ್ಷದ ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರಶಸ್ತಿಗಳಲ್ಲಿ ಧ್ವನಿ, ಸಂಗೀತ, ಸಂಕಲನ ಮೂರೂ ಅದಕ್ಕೇ ಬಂದುವು. ಆದರೂ ಮರುವರ್ಷ ಅಮೆರಿಕದಲ್ಲಿ ತೆರೆಕಂಡಾಗ ಅಲ್ಲಿನ ಹಂಚಿಕೆದಾರರು ಪಾತ್ರಗಳ ಮಾತನ್ನು ತೆಗೆದು ಅಮೆರಿಕದ ಉಚ್ಚಾರದಲ್ಲಿ ಮತ್ತೆ ಆಡಿಸಿದರು. ರಸ್ತೆ ಇಲ್ಲಿನದು, ಮುಖ ಇಲ್ಲಿನದು, ನಾಲಗೆ ಮಾತ್ರ ಬೇರೆ ಊರಿನದು. ದನಿ ಹೋದರೆ ಊರೇ ಹೋದಂತೆ ಎಂದು ನನಗೆ ಅನ್ನಿಸುವುದು ಇಂತಹ ಕಡೆ.

ಕನ್ನಡದ ಹೊಸ ಅಲೆಗೂ ಆಸ್ಟ್ರೇಲಿಯಕ್ಕೂ ಒಂದು ನಂಟಿದೆ. 1970ರ 'ಸಂಸ್ಕಾರ' ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯದ ಟಾಮ್ ಕೋವನ್. ಶೃಂಗೇರಿಯ ಕಡೆಯ ಅಗ್ರಹಾರದಲ್ಲಿ, ಕಡಿಮೆ ಹಣದಲ್ಲಿ, ಹೆಚ್ಚುಕಡಿಮೆ ವಿದ್ಯಾರ್ಥಿಗಳ ಹುಮ್ಮಸ್ಸಿನಲ್ಲೇ ಮಾಡಿದ ಚಿತ್ರ ಅದು. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಅವರು 2024ರ ಜೂನ್‌ನಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಐದು ವರ್ಷಗಳ ನಂತರ ಬಿ.ವಿ. ಕಾರಂತರು 'ಚೋಮನ ದುಡಿ' ಮಾಡಿದರು. ಅಲ್ಲಿ ದುಡಿ ಬರಿಯ ಹಿನ್ನೆಲೆಯ ವಾದ್ಯವಲ್ಲ, ಚೋಮ ಬಾಯಿಬಿಟ್ಟು ಹೇಳಲಾರದ್ದನ್ನೆಲ್ಲ ಹೇಳುವ ಪಾತ್ರವೇ ಅದು. ಪುಣೆಯಲ್ಲಿ ಓದುವಾಗ 'ಅವಶೇಷ್' ಎಂಬ ವಿದ್ಯಾರ್ಥಿ ಚಿತ್ರಕ್ಕೆ ರಜತ ಕಮಲ ಪಡೆದಿದ್ದ ಗಿರೀಶ ಕಾಸರವಳ್ಳಿಯವರು ತಮ್ಮ ಮೊದಲ ದೊಡ್ಡ ಚಿತ್ರ 'ಘಟಶ್ರಾದ್ಧ'ಕ್ಕೆ 1977ರಲ್ಲಿ ಕರೆದದ್ದೂ ಕಾರಂತರನ್ನೇ. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳಿಗೆ ಸತತ ಎರಡು ವರ್ಷ ಕಾರಂತರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಸಂಗೀತವೆಂದರೆ ಐವತ್ತು ಪಿಟೀಲು ಎಂಬ ಕಾಲದಲ್ಲಿ ರಂಗಭೂಮಿಯಿಂದ ಬಂದ ಈ ಮನುಷ್ಯನಿಗೆ ಕೈಗೆ ಸಿಕ್ಕ ವಸ್ತುವೆಲ್ಲ ವಾದ್ಯವಾಗಿತ್ತು.

ಅದೇ ಪುಣೆಯ ಸಂಸ್ಥೆಯಿಂದ 2024ರಲ್ಲಿ ಬಂದ ಸುದ್ದಿ ನಿಮಗೆ ನೆನಪಿರಬಹುದು. ಮೈಸೂರಿನಲ್ಲಿ ವೈದ್ಯಕೀಯ ಓದಿ ಸಿನಿಮಾಕ್ಕೆ ಹೋದ ಚಿದಾನಂದ ಎಸ್. ನಾಯ್ಕ ಎಂಬ ತರುಣರ ಹದಿನಾರು ನಿಮಿಷದ ಕನ್ನಡ ಚಿತ್ರ, ಕಾನ್ ಉತ್ಸವದ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಬಹುಮಾನದ ಹಣ 15,000 ಯೂರೋ. ಮಿಲ್ಲರರ ಹಾಗೆ ಇವರೂ ಡಾಕ್ಟರು. ಸ್ಟೆತಾಸ್ಕೋಪು ಹಿಡಿದವರಿಗೆ ಕಿವಿ ಚುರುಕಾಗಿರುತ್ತದೆಯೋ ಏನೋ! 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' ಎಂದು ಚಿತ್ರದ ಇಂಗ್ಲಿಷ್ ಹೆಸರು. ಕಥೆ ಮಾತ್ರ ನಮ್ಮ ಜನಪದದ್ದು. ಒಬ್ಬ ಮುದುಕಿ ಊರಿನ ಹುಂಜವನ್ನು ಎತ್ತಿಕೊಂಡು ಹೋಗುತ್ತಾಳೆ. ಕೋಳಿ ಕೂಗುವುದಿಲ್ಲ, ಊರಿಗೆ ಬೆಳಗಾಗುವುದಿಲ್ಲ. ತನ್ನ ಕೋಳಿಯಿಂದಲೇ ಊರಿಗೆ ಬೆಳಗಾಗುವುದೆಂದು ಜಂಬ ಪಟ್ಟ ಅಜ್ಜಿಯ ಕಥೆಯನ್ನು ಸ್ಕೂಲಿನಲ್ಲಿ ಓದದವರು ನಮ್ಮಲ್ಲಿ ಯಾರಿದ್ದಾರೆ? ಅಲ್ಲಿ ಅಜ್ಜಿಯನ್ನು ನೋಡಿ ನಗುತ್ತಿದ್ದೆವು. ಇಲ್ಲಿ ಬೆಳಗಾಗುವುದು ನಿಜವಾಗಿಯೂ ನಿಂತುಹೋಗುತ್ತದೆ.

ನಾಲ್ಕೇ ದಿನಗಳಲ್ಲಿ ಚಿತ್ರೀಕರಣ ಮುಗಿಸಿದರಂತೆ. ಧ್ವನಿಯ ಕೆಲಸ ಮಾಡಿದವರು ಸಹವಿದ್ಯಾರ್ಥಿ ಅಭಿಷೇಕ್ ಕದಂ. ಅವರ ಕೆಲಸವನ್ನು ಯೋಚಿಸಿ ನೋಡಿ. ಕಥೆಯೇ ಒಂದು ಸದ್ದು ಇಲ್ಲದಿರುವುದರ ಮೇಲೆ ನಿಂತಿದೆ. ಕತ್ತಲಲ್ಲಿ ಕಣ್ಣಿಗೆ ಕೆಲಸ ಕಡಿಮೆ, ಕಿವಿಗೇ ಹೆಚ್ಚು. ಕೋಳಿ ಕೂಗಲಿಲ್ಲ ಎಂಬುದನ್ನು ಪ್ಯಾರಿಸಿನವರಿಗೂ ಕೇಳಿಸುವುದು ಹೇಗೆ? ಪತ್ರಿಕೆಗಳೆಲ್ಲ ನಿರ್ದೇಶಕರ ಫೋಟೋ ಹಾಕಿದುವು, ಧ್ವನಿಯವರ ಹೆಸರು ಎಷ್ಟೋ ಕಡೆ ಬರಲೇ ಇಲ್ಲ. ಅಥೆನಿಯಮ್ಮಿನಲ್ಲಿ ಕರಟ ಬಡಿದವರ ಪಾಡೂ ಅದೇ ಅಲ್ಲವೇ.

ನನ್ನ ಸೊಸೆ ಸದ್ದನ್ನು ಜೋಡಿಸಿದ್ದು ಕಂಪ್ಯೂಟರಿನಲ್ಲಿ. ಆ ಪುಟದ ಮೇಲೆ 'ಫೇರ್‌ಲೈಟ್' ಎಂಬ ಹೆಸರು ಕಂಡು ನನಗೆ ಆಶ್ಚರ್ಯವಾಯಿತು, ಏಕೆಂದರೆ ಅದು ಸಿಡ್ನಿ ಬಂದರಿನಲ್ಲಿ ಓಡಾಡುತ್ತಿದ್ದ ಒಂದು ದೋಣಿಯ ಹೆಸರು. 1975ರಲ್ಲಿ ಕಿಮ್ ರೈರಿ ಮತ್ತು ಪೀಟರ್ ವೋಗೆಲ್ ಎಂಬ ಇಬ್ಬರು ತರುಣರು ಪಾಯಿಂಟ್ ಪೈಪರಿನ ಒಂದು ಮನೆಯ ಕೆಳಗಿನ ಅಂತಸ್ತಿನಲ್ಲಿ ಕುಳಿತು ಸಂಗೀತದ ಯಂತ್ರವೊಂದನ್ನು ಮಾಡಲು ಹೊರಟರು. ಮನೆ ರೈರಿಯವರ ಅಜ್ಜಿಯದು. ಎದುರಿಗೆ ದಿನವೂ ಹಾದುಹೋಗುತ್ತಿದ್ದ ದೋಣಿಯ ಹೆಸರನ್ನೇ ಕಂಪನಿಗೆ ಇಟ್ಟರು. ವಾದ್ಯದ ನಾದವನ್ನು ಲೆಕ್ಕ ಹಾಕಿ ಹುಟ್ಟಿಸಬೇಕೆಂದು ಅವರ ಆಸೆ, ಅದು ಸರಿಬರಲಿಲ್ಲ. ರೇಡಿಯೋದಲ್ಲಿ ಬರುತ್ತಿದ್ದ ಪಿಯಾನೋವನ್ನು ಸುಮಾರು ಒಂದು ಸೆಕೆಂಡು ಹಿಡಿದು, ಅದನ್ನೇ ಬೇರೆ ಬೇರೆ ಶ್ರುತಿಗೆ ಏರಿಸಿ ಇಳಿಸಿ ನುಡಿಸಿ ನೋಡಿದರು. ಅದು ಹಿಡಿಸಿತು. 1979ರಲ್ಲಿ ಮಾರಾಟಕ್ಕೆ ಬಂದ ಯಂತ್ರದ ಬೆಲೆ ಇಂಗ್ಲೆಂಡಿನಲ್ಲಿ ಹತ್ತು ಸಾವಿರ ಪೌಂಡಿಗೂ ಮೇಲೆ. ನಾಯಿ ಬೊಗಳಿದ್ದನ್ನೋ ಗಾಜು ಒಡೆದದ್ದನ್ನೋ ಹಿಡಿದು ಸರಿಗಮ ನುಡಿಸಬಹುದಾಗಿತ್ತು. ಜಗತ್ತಿನ ಸಂಗೀತ ಅಲ್ಲಿಂದ ಹಾದಿ ಬದಲಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ಕಂಪನಿ ಮಾತ್ರ 1980ರ ದಶಕದ ಕೊನೆಗೆ ಮುಳುಗಿತು, ಚೇತರಿಸಿಕೊಂಡು ಸಿನಿಮಾದ ಧ್ವನಿಜೋಡಣೆಯ ಯಂತ್ರಗಳತ್ತ ತಿರುಗಿತು. 2016ರಲ್ಲಿ ಅದನ್ನು ಮೆಲ್ಬೋರ್ನಿನ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕೊಂಡುಕೊಂಡಿತು. 2017ರಿಂದ ಅವರ ಡಾವಿಂಚಿ ರಿಸಾಲ್ವ್ ತಂತ್ರಾಂಶದಲ್ಲಿ ಫೇರ್‌ಲೈಟ್ ಒಂದು ಪುಟ. ಅದರ ಒಂದು ಆವೃತ್ತಿ ಪುಕ್ಕಟೆ. ಸಿಡ್ನಿಯ ಅಜ್ಜಿಮನೆಯಲ್ಲಿ ಹುಟ್ಟಿದ್ದು ಮೆಲ್ಬೋರ್ನಿನ ಮೂಲಕ ಒಬ್ಬ ವಿದ್ಯಾರ್ಥಿನಿಯ ಕೈಗೆ ಕಾಸಿಲ್ಲದೆ ಬಂತು.

ಯಂತ್ರವೇನೋ ಬಂತು. ಒರಳಿನ ಸದ್ದು ಎಲ್ಲಿಂದ ತರುವುದು?

ನಾನು ಸಿಡ್ನಿಗೆ ಬಂದದ್ದು 1988ರಲ್ಲಿ. ಆಗ ಊರಿಗೆ ಫೋನು ಮಾಡುವುದೆಂದರೆ ಗಡಿಯಾರ ಹಿಡಿದುಕೊಂಡು ಮಾತನಾಡಬೇಕಾಗಿತ್ತು. ಹಾಗಾಗಿ ಎಷ್ಟೋ ಮನೆಗಳವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಯಾರಾದರೂ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ನಮ್ಮಮ್ಮ ಕಳಿಸಿದ ಅಂತಹ ನಾಲ್ಕು ಕ್ಯಾಸೆಟ್ಟುಗಳು ನನ್ನ ಗ್ಯಾರೇಜಿನಲ್ಲಿದ್ದುವು. ಕ್ಯಾನ್‌ಬೆರಾದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಭಂಡಾರದವರು 2015ರಲ್ಲೇ ಎಚ್ಚರಿಸಿದ್ದರು, 2025ರೊಳಗೆ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳದಿದ್ದರೆ ಬಹುಪಾಲು ಕೈಬಿಟ್ಟಂತೆಯೇ ಎಂದು. ಟೇಪು ಹಾಳಾಗುವುದು ಒಂದು, ಅದನ್ನು ನುಡಿಸುವ ಯಂತ್ರಗಳೂ ರಿಪೇರಿ ಮಾಡುವವರೂ ಇಲ್ಲದಾಗುವುದು ಇನ್ನೊಂದು. ನನ್ನ ನಾಲ್ಕರಲ್ಲಿ ಎರಡು ಪೂರ್ತಿ ಹೋಗಿದ್ದುವು. ಒಂದರಲ್ಲಿ ತಮ್ಮ ಯಾವುದೋ ಸಿನಿಮಾ ಹಾಡುಗಳನ್ನು ತುಂಬಿಬಿಟ್ಟಿದ್ದ. ನಾಲ್ಕನೆಯದರಲ್ಲಿ ಅಮ್ಮ ರುಬ್ಬುತ್ತಾ ಮಾತನಾಡಿದ್ದರು.

ಟೇಪ್ ರೆಕಾರ್ಡರನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟಿರಬೇಕು. ಅಮ್ಮನ ದನಿ ಯಾಕೋ ತೆಳ್ಳಗೆ, ಹುಡುಗಿಯ ದನಿಯಂತೆ ಕೇಳುತ್ತಿತ್ತು. ಸೊಸೆ ಅದಕ್ಕೊಂದು ಉಪಾಯ ಹೇಳಿದಳು. ಗೋಡೆಯ ಕರೆಂಟಿಗೆ ಸಿಕ್ಕಿಸಿ ಮುದ್ರಿಸಿದ ಟೇಪಿನಲ್ಲಿ ಕರೆಂಟಿನ ಗುಂಯ್‌ಗುಡುವಿಕೆಯೂ ಸೇರಿರುತ್ತದೆ. ಭಾರತದಲ್ಲೂ ಇಲ್ಲೂ ಅದು ಸೆಕೆಂಡಿಗೆ 50 ಸುತ್ತು. ನಮ್ಮ ಟೇಪಿನಲ್ಲಿ ಅಳೆದಾಗ 52 ಬಂತು, ಅಂದರೆ ಟೇಪು ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡುತ್ತಿತ್ತು. ಅಷ್ಟು ಇಳಿಸಿದಳು. ಆ ದಿನಗಳಲ್ಲಿ ನಮ್ಮೂರ ಕರೆಂಟು ನೆಟ್ಟಗೆ 50ಕ್ಕೆ ನಿಂತಿತ್ತೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಇಳಿಸಿದ ಮೇಲೆ ಬಂದದ್ದು ಅಮ್ಮನ ದನಿಯೇ. "ಊಟ ಮಾಡಿದೆಯೇನೋ? ಅಲ್ಲಿ ಚಳಿಯಂತೆ" ಎಂದು.

ಅಮ್ಮನ ದನಿಯನ್ನೂ ಚಿತ್ರದಲ್ಲಿ ಇಡೋಣವೇ ಎಂದು ಸೊಸೆ ಕೇಳಿದಳು. ಅಜ್ಜಿಯ ಪಾತ್ರಕ್ಕೆ ಅಜ್ಜಿಯದೇ ದನಿ. ಅವಳ ಕಣ್ಣಲ್ಲಿ ಅದು ಸಹಜವೇ. ನಾನು ಹೂಂ ಎನ್ನುವವನಿದ್ದೆ. ನನ್ನ ತಂಗಿ ಒಪ್ಪಲಿಲ್ಲ. "ಮಾತು ಬೇಡ ಕಣೇ. ಅದು ಅಣ್ಣನಿಗೆ ಹೇಳಿದ್ದು. ಕಲ್ಲಿನ ಸದ್ದು ತೊಗೋ" ಎಂದಳು.

ಆದರೆ ಅಮ್ಮ ಮಾತು ನಿಲ್ಲಿಸಿದರೆ ತಾನೆ! ಅರ್ಧ ಗಂಟೆಯ ಟೇಪಿನಲ್ಲಿ, ಏನನ್ನೋ ಜ್ಞಾಪಿಸಿಕೊಳ್ಳಲು ಅವರು ಸುಮ್ಮನಾದ ಒಂದು ಕಡೆ, ಬರಿಯ ಕಲ್ಲಿನ ಸದ್ದು ಸಿಕ್ಕಿದ್ದು ಹನ್ನೊಂದು ಸೆಕೆಂಡು. ಗುಂಡು ಹದಿನಾಲ್ಕು ಸುತ್ತು ತಿರುಗಿದೆ. ಚಿತ್ರಕ್ಕೆ ಬೇಕಾದದ್ದು ಒಂದು ನಿಮಿಷ ನಲವತ್ತು ಸೆಕೆಂಡು. ಹನ್ನೊಂದನ್ನೇ ಮತ್ತೆ ಮತ್ತೆ ಹಾಕಿದರೆ ಕಿವಿ ಹಿಡಿದುಬಿಡುತ್ತದೆ. ಅವಳು ಹದಿನಾಲ್ಕು ಸುತ್ತುಗಳನ್ನೂ ಬಿಡಿಬಿಡಿಯಾಗಿ ಕತ್ತರಿಸಿ, ಇಸ್ಪೀಟೆಲೆ ಕಲಸಿದ ಹಾಗೆ ಕಲಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸುತ್ತಾ ಹೋದಳು. ಮೂರು ರಾತ್ರಿ ಹಿಡಿಯಿತು. ಸಂಗೀತ ಹಾಕಲೇ ಇಲ್ಲ. ತಂಬೂರಿಯ ಶ್ರುತಿಯೊಂದನ್ನು ಇಟ್ಟು ನೋಡಿ, ಕಲ್ಲಿನ ಸದ್ದೇ ಶ್ರುತಿ ಹಿಡಿದಿದೆ ಎಂದು ತೆಗೆದುಬಿಟ್ಟಳು. ಚಿತ್ರದ ಕೊನೆಯಲ್ಲಿ ಆ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಹುಡುಗಿ ಲೆಕ್ಕದ ಪುಸ್ತಕದಿಂದ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾಳೆ. ಅಷ್ಟೇ ಚಿತ್ರ.

ಕಾಲೇಜಿನಲ್ಲಿ ಪ್ರದರ್ಶನವಾದಾಗ ನಾವೂ ಸಿಡ್ನಿಯಿಂದ ಹೋಗಿದ್ದೆವು. ಮೆಲ್ಬೋರ್ನಿನ ಕನ್ನಡ ಮನೆಗಳವರು ಹತ್ತಿಪ್ಪತ್ತು ಮಂದಿ ಬಂದಿದ್ದರು. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯ ಹೆಂಗಸು ಕುಳಿತಿದ್ದರು, ಪಾತ್ರ ಒಲ್ಲೆನೆಂದ ಮೂವರಲ್ಲಿ ಒಬ್ಬರು. ಹಾಲಿನಲ್ಲಿ ಕತ್ತಲು, ಕಲ್ಲು ತಿರುಗುತ್ತಿತ್ತು. ಅದು ನಿಂತು ಹುಡುಗಿ ತಲೆಯೆತ್ತಿದಾಗ ಎಲ್ಲರೂ ಸುಮ್ಮನಿದ್ದರು. ಆ ಹೆಂಗಸು ಪಕ್ಕದಲ್ಲಿದ್ದ ಮಗಳ ಕಡೆ ಬಾಗಿ, ನಮಗೂ ಕೇಳುವಷ್ಟು ಜೋರಾಗಿ, "ಇದೇನೇ, ಇಷ್ಟು ಬೇಗ ನಿಲ್ಲಿಸಿಬಿಟ್ಟರು? ಅಕ್ಕಿ ಇನ್ನೂ ತರಿತರಿಯಾಗೇ ಇದೆ" ಎಂದರು.